ಮುಂದಿನ ಸೈಕಲ್ ನನ್ನದಾಗಿತ್ತು

ಕಾಲುವೆ ಪಕ್ಕ ನಿಧಾನವಾಗಿ ಸೈಕಲ್ ತುಳಿಯುವುದೂ ಒಂದು ಕೆಲಸವಾ ಎಂದು ಕೇಳುವವರು ಈಗಲೂ ಇದ್ದಾರೆ. ನಮ್ಮ ಬೀದಿಯಲ್ಲೇ ಇದ್ದಾರೆ. ಹದಿನೈದು ವರ್ಷ ನಾನು ಮತ್ತಿಗಿರಿಯಿಂದ ಬೆಳಗಿನ ಮೊದಲ ಬಸ್ಸಿಗೆ ಓಡುವಾಗ, "ಜಯಕ್ಕಂಗೇನು ಬುಡು, ತಂಪೊತ್ತಲ್ಲಿ ಸವಾರಿ" ಅನ್ನುತ್ತಿದ್ದರು. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಇದನ್ನು ಬರೆಯುತ್ತಿರುವುದು ಈ ವರ್ಷ ಹೊಸದಾಗಿ ಆ ಕೆಲಸಕ್ಕೆ ಸೇರಿರುವ ಹೆಣ್ಣುಮಕ್ಕಳಿಗೆ. ಅವರಿಗೆ ತರಬೇತಿಯ ಮೊದಲ ದಿನವೇ ಒಂದು ಪಾಠ ಹೇಳುತ್ತಾರೆ. ರತ್ನಮ್ಮ ಎಂಬ ಹೆಂಗಸು ಹೊತ್ತಿಗೆ ಸರಿಯಾಗಿ ಬೆಲ್ ಹೊಡೆಯದೆ ಇದ್ದುದರಿಂದ ಆರು ಜನ ಪ್ರವಾಸಿಗರು ಆನೆಯ ಮುಂದೆ ಸಿಕ್ಕಿಬಿದ್ದರು ಎಂಬ ಪಾಠ. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೂ ನಾನು ಏಳು ವರ್ಷ ಅದೇ ಕೋಣೆಯಲ್ಲಿ ಕೂತು ಕೇಳಿದೆ. ಈಗ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದರೆ ಬರೆಯುವುದೇ ಆಗುವುದಿಲ್ಲ.

ನಮ್ಮದು ಗಡಿಯಾಚೆ ತಮಿಳು ಸೀಮೆಯಲ್ಲಿ, ವನ್ಯಧಾಮದೊಳಗೆ ಹಾದುಹೋಗುವ ಕಾಲುವೆ. ಗದ್ದೆಗಳಿಗೆ ನೀರು ಬಿಡುವ ತೂಬಿನಿಂದ ಹಿಡಿದು ಕಾಡಿನ ಆಚೆ ಬದಿಯವರೆಗೆ ಏರಿಯ ಮೇಲೆ ಮಟ್ಟಸವಾದ ದಾರಿ. ಹೋಗುವಾಗ ಎಡಕ್ಕೆ ನೀರು, ಬಲಕ್ಕೆ ಮುಳ್ಳುಬೇಲಿ, ಬೇಲಿಯಾಚೆ ಕಾಡು. ಹತ್ತಿರದ ಊರುಗಳ ಹೆಂಗಸರನ್ನು ಸೇರಿಸಿಕೊಂಡು ಒಂದು ಸಮಿತಿ ಅಲ್ಲಿ ಸೈಕಲ್ ಸುತ್ತಾಟ ನಡೆಸುತ್ತದೆ. ಒಂದು ತಂಡಕ್ಕೆ ಆರು ಜನ ಪ್ರವಾಸಿಗರು, ಮುಂದೆ ಒಬ್ಬಳು, ಹಿಂದೆ ಒಬ್ಬಳು. ಮುಂದಿನವಳು ದಾರಿ ನೋಡಬೇಕು, ಹಿಂದಿನವಳು ಜನರನ್ನು ನೋಡಬೇಕು. ಬೆಲ್ ಒಂದು ಸಲ ಹೊಡೆದರೆ ನಿಧಾನ. ಎರಡು ಸಲ ಹೊಡೆದರೆ ನಿಲ್ಲು. ಮೂರು ಸಲ ಹೊಡೆದರೆ ಇಳಿದು, ಹಿಂದಿನ ಚಕ್ರ ಎತ್ತಿ, ನಿಂತಲ್ಲೇ ಸೈಕಲ್ ತಿರುಗಿಸಿ ವಾಪಸ್. ಬೆಲ್ ಯಾರೇ ಹೊಡೆಯಲಿ, ಕೇಳಿದವರೆಲ್ಲ ಪಾಲಿಸಬೇಕು. ಕಾಯಿದೆ ಇಷ್ಟೇ.

ನಾನು ಸೈಕಲ್ ಕಲಿತದ್ದು ನಲವತ್ತಮೂರನೇ ವಯಸ್ಸಿನಲ್ಲಿ, ಸೀರೆ ಎತ್ತಿ ಕಟ್ಟಿಕೊಂಡು, ಅದೇ ಏರಿಯ ಮೇಲೆ. ನೀರಿನ ಭಯಕ್ಕೆ ಪ್ರತಿ ಸಲವೂ ಮುಳ್ಳಿನ ಕಡೆಗೇ ಬೀಳುತ್ತಿದ್ದೆ. ಮನೆಯಲ್ಲಿ ನಮ್ಮತ್ತೆ ಸೂಜಿ ಹಿಡಿದು ಮುಳ್ಳು ಕೀಳುತ್ತಾ, "ಕಾಲುವೆಗೆ ಬಿದ್ದಿದ್ರೆ ಸ್ನಾನಾನಾದ್ರೂ ಆಗ್ತಿತ್ತು ಕಣಮ್ಮಾ" ಅನ್ನುತ್ತಿದ್ದರು. ಬೇಗ ತುಳಿಯುವುದನ್ನು ವಾರದಲ್ಲಿ ಕಲಿತೆ. ನಿಧಾನವಾಗಿ ತುಳಿಯುವುದನ್ನು ಕಲಿಯಲು ಮೂರು ತಿಂಗಳು ಬೇಕಾಯಿತು. ತಂಡದಲ್ಲಿ ಎಲ್ಲರಿಗಿಂತ ಮೆಲ್ಲಗೆ ಬರುವವರು ಯಾರೋ ಅವರ ಲೆಕ್ಕಕ್ಕೆ ನಾವು ಹೋಗಬೇಕು. ಅರವತ್ತು ದಾಟಿದ ಅಜ್ಜಿ ಹಕ್ಕಿ ನೋಡುತ್ತಾ ಬಂದರೆ ಅವರ ಮುಂದೆ ಇಪ್ಪತ್ತು ಅಡಿಯಲ್ಲಿ, ಕಾಲು ನೆಲಕ್ಕೆ ಊರದೆ, ಸೈಕಲ್ ಅಲುಗಾಡದಂತೆ ಹೋಗಬೇಕು. ಹಾಗೆ ಹೋಗಿ ನೋಡಿ, ಆಮೇಲೆ ಸವಾರಿ ಅನ್ನಿ.

ನನಗೆ ದಾರಿ ನೋಡುವುದನ್ನು ಕಲಿಸಿದವರು ಮುನಿಯಪ್ಪ, ಕಾಲುವೆಯ ಹಳೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದವರು. ನಾವು ಹೋಗುವುದು ನೀರು ಬರುವ ದಿಕ್ಕಿಗೆ ಎದುರಾಗಿ. ಮೇಲ್ಗಡೆ ಏನು ನಡೆದಿದೆಯೋ ಅದು ನೀರಿನಲ್ಲಿ ನಮ್ಮ ಹತ್ತಿರ ಬರುತ್ತದೆ. ಆನೆಯೋ ಹಂದಿಯೋ ಇಳಿದಿದ್ದರೆ ನೀರು ಕದಡಿ ಬರುತ್ತದೆ.

"ಬೆಳಗ್ಗೆ ಕಾಪಿ ಲೋಟ ನೋಡ್ತೀಯಲ್ಲಮ್ಮಾ, ಹಾಲು ಜಾಸ್ತಿ ಬಿತ್ತಾ ಕಮ್ಮಿ ಬಿತ್ತಾ ಅಂತ? ಅಂಗೇ ನೋಡು" ಅಂದರು ಮುನಿಯಪ್ಪ, ಕಾಡಿನ ಮಧ್ಯದ ತಿರುವಿನಲ್ಲಿ ನಿಂತು. "ಬಣ್ಣ ನೋಡಿದ್ಮೇಲೆ ಇನ್ನೊಂದು ಕೇಳ್ಕೋಬೇಕು. ಇದು ಯಾವೊತ್ತಿನ ನೀರು ಅಂತ. ಮೇಲ್ಗಡೆ ಅಕ್ಕಮ್ಮಗಳ ಗುಡಿ ಹತ್ರ ಕದಡಿದ್ದು ಈ ತಿರುವಿಗೆ ಬರಕ್ಕೆ ಅರ್ಧ ಗಂಟೆ ಬೇಕು. ತಿಳೀತಾ?"

ತಿಳಿಯಿತು ಅಂದೆ. ಬಣ್ಣ ನೋಡುವುದನ್ನು ಕಲಿತೆ. ಹೊತ್ತು ಕೇಳಿಕೊಳ್ಳುವುದನ್ನು ಕಲಿತಿದ್ದೇನೆ ಅಂದುಕೊಂಡಿದ್ದೆ.

ಮೊದಲ ವರ್ಷ ಒಂದು ದಿನ ನೀರು ಕೆಸರಾಗಿ ಬಂತು. ಮೂರು ಬೆಲ್ ಹೊಡೆದು ತಂಡವನ್ನೆಲ್ಲ ತಿರುಗಿಸಿ ಓಡಿಸಿಕೊಂಡು ಬಂದೆ. ತೂಬಿನ ಹತ್ತಿರ ಏದುಸಿರು ಬಿಡುತ್ತಾ ನಿಂತಿದ್ದಾಗ ಹಿಂದಿನಿಂದ ಬಂದವು, ಯಾರದೋ ಏಳು ಎಮ್ಮೆ, ಮೈಯೆಲ್ಲ ಒದ್ದೆ. ಪ್ರವಾಸಿಗರು ನಕ್ಕರು. ಒಬ್ಬ ಕೆಲಸದ ಗುರುತುಚೀಟಿ ನೇತುಹಾಕಿಕೊಂಡೇ ಬಂದಿದ್ದವನು, "ಮೇಡಂ, ಹಾಲು ಕರ್ಕೊಂಡು ಹೋಗೋಣ್ವಾ?" ಅಂದ. ನನಗೆ ಅಳು ಬಂತು. ಆಗಿದ್ದ ಮೇಲ್ವಿಚಾರಕಿ ಮೇಡಂ ಎಲ್ಲರ ಎದುರಿಗೇ ಹೇಳಿದರು: "ಇನ್ನೂ ನೂರು ಸಲ ಎಮ್ಮೆಗೆ ತಿರುಗ್ಸಮ್ಮಾ. ನಾನೇನೂ ಕೇಳಲ್ಲ." ಆ ಹೆಂಗಸಿಗೆ ದೇವರು ಆಯುಸ್ಸು ಕೊಡಲಿ. ಅವರಿದ್ದ ಕಾಲದಲ್ಲಿ ನಾವು ಹೆದರಿಕೆಯಿಲ್ಲದೆ ತಿರುಗಿಸುತ್ತಿದ್ದೆವು.

ರತ್ನ ನನ್ನ ಜೊತೆಗಾರ್ತಿ. ತಳಿ ಎಂಬ ಊರಿನ ಕಡೆಯವಳು, ಮದುವೆಯಾಗಿ ಆಲಸನತ್ತಕ್ಕೆ ಬಂದವಳು. ನನಗಿಂತ ಎಂಟು ವರ್ಷ ಚಿಕ್ಕವಳು. ನಾನು ಮುಂದೆ, ಅವಳು ಹಿಂದೆ, ಹೀಗೆ ಎಂಟು ವರ್ಷ ತುಳಿದೆವು. ಬಾಯಿ ಜೋರು. ಚಿಪ್ಸ್ ಪೊಟ್ಟಣ ಕಾಲುವೆಗೆ ಎಸೆದವರನ್ನು ಇಳಿಸಿ, ಅವರ ಕೈಯಲ್ಲೇ ಎತ್ತಿಸುತ್ತಿದ್ದಳು. "ನಿಮ್ಮನೆ ಬಿಂದಿಗೇಗೆ ಹಾಕ್ಕೋತೀರಾ ಇದ್ನ?" ಎಂದು ಕೇಳುತ್ತಿದ್ದಳು. ಹಿಂದಿನ ಸೈಕಲ್ಲಿಗೆ ಅಂಥವಳೇ ಬೇಕು.

ಆಮೇಲೆ ಮೇಲ್ವಿಚಾರಕರು ಬದಲಾದರು. ಹೊಸ ಸಾರ್ ಬಂದರು. ಹೆಸರು ಬೇಡ. ಅವರು ಮೊದಲು ಮಾಡಿದ ಕೆಲಸ, ದಾರಿಯ ಮೊದಲ ಮೈಲಿಗೆ ಸಿಮೆಂಟಿನ ಕಲ್ಲು ಹಾಸಿಸಿದ್ದು. ಮಣ್ಣಿದ್ದಾಗ ರಾತ್ರಿ ಏನು ದಾಟಿದೆ ಎಂದು ಹೆಜ್ಜೆ ನೋಡಿ ಹೇಳುತ್ತಿದ್ದೆವು. ಕಲ್ಲಿನ ಮೇಲೆ ಹೆಜ್ಜೆಯೆಲ್ಲಿ? ಕೇಳಿದರೆ, "ಫೋಟೋ ಚೆನ್ನಾಗಿ ಬರುತ್ತಮ್ಮಾ" ಅಂದರು. ಎರಡನೆಯದು, ಎರಡೂವರೆ ಗಂಟೆಯ ಸುತ್ತಾಟವನ್ನು ಒಂದೂವರೆಗೆ ಇಳಿಸಿದರು. ಮೂರನೆಯದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಪ್ರತಿ ಸೋಮವಾರ ಎಲ್ಲರನ್ನೂ ನಿಲ್ಲಿಸಿ, ಹೋದ ವಾರ ಯಾರು ಯಾರು ಅರ್ಧದಲ್ಲಿ ತಂಡ ತಿರುಗಿಸಿದರು ಎಂದು ಹೆಸರು ಹಿಡಿದು ಓದುವುದು. ಬೈಯುತ್ತಿರಲಿಲ್ಲ. ಓದಿ, ಸುಮ್ಮನೆ ತಲೆಯೆತ್ತಿ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ನಮ್ಮಿಬ್ಬರ ಎಂಟನೇ ವರ್ಷದ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ನನ್ನ ಹೆಸರು ಎರಡು ಸೋಮವಾರ ಓದಿದ್ದರು.

ಆಡಿ ಹದಿನೆಂಟಕ್ಕೆ ನಮ್ಮ ಕಡೆ ಹರಿಯುವ ನೀರಿಗೆ ಪೂಜೆ. ಆಚೆ ಬದಿಯಲ್ಲಿ ಕಾಲುವೆ ಕಾಡು ಹೊಗುವಲ್ಲಿ ಏಳು ಜನ ಅಕ್ಕಮ್ಮಗಳ ಸಣ್ಣ ಗುಡಿಯಿದೆ, ಏಳು ಕಲ್ಲು, ಅರಿಶಿನ ಬಳಿದದ್ದು. ಸುತ್ತಲಿನ ಊರವರು ಬೆಳಗ್ಗೆ ಅಲ್ಲಿ ನೀರಿಗಿಳಿದು, ಹೂ ಬಿಟ್ಟು, ಬಾಳೆಹಣ್ಣು ಕಬ್ಬು ಇಟ್ಟು, ಎಂಟು ಗಂಟೆಗೆಲ್ಲ ಹೊರಡಬೇಕೆಂದು ಕಟ್ಟಳೆ. ಹೊರಟೂ ಬಿಡುತ್ತಾರೆ. ನಮ್ಮ ತಂಡ ಹೊರಟದ್ದು ಒಂಬತ್ತಕ್ಕೆ. ರಜೆಯ ದಿನ, ಆರು ಜನ, ಅದರಲ್ಲಿ ಬೆಂಗಳೂರಿನಿಂದ ಬಂದಿದ್ದ ದಪ್ಪನೆಯ ವಯಸ್ಸಾದ ತಾಯಿ ಒಬ್ಬರು. ಹತ್ತಕ್ಕೆ ಹತ್ತು ನಿಮಿಷವಿದ್ದಾಗ ತಿರುವಿನ ಹತ್ತಿರ ನೀರು ಕದಡಿ ಬಂತು. ಅದರ ಮೇಲೆ ಚೆಂಡುಹೂ, ಸೇವಂತಿಗೆ, ಅರಿಶಿನದ ನೊರೆ.

ನಾನೇನು ಮಾಡಿದೆ ಗೊತ್ತಾ? ಹ್ಯಾಂಡಲಿನಿಂದ ಒಂದು ಕೈ ತೆಗೆದು ಎದೆಗೆ ಮುಟ್ಟಿಸಿಕೊಂಡು, "ಅಮ್ಮಾ ತಾಯಿ, ಕಾಪಾಡು" ಅಂದೆ. ಅಂದು, ತುಳಿದೆ.

ಹಿಂದಿನಿಂದ ಮೂರು ಬೆಲ್ ಕೇಳಿತು. ನಾನು ತಿರುಗಿ ನೋಡಿದೆ. ರತ್ನ ನೀರಿನ ಕಡೆ ಕೈ ತೋರಿಸುತ್ತಿದ್ದಳು. "ಜಯಕ್ಕಾ, ನಿಂತ್ಕೊ! ಬಾಳೆದಿಂಡು ಬತ್ತೈತೆ, ಅಗಿದಿರೋದು!"

"ಹಬ್ಬದ ನೀರು ಕಣೇ, ಬಾ!" ಎಂದು ನಗುತ್ತಾ ಕೈ ಬೀಸಿದೆ.

ಎಂಟು ಗಂಟೆಗೆ ಜನ ಹೊರಟಿದ್ದರೆ ಅವರು ಕದಡಿದ ನೀರು ಎಂಟೂವರೆಗೇ ಅಲ್ಲಿಂದ ದಾಟಿಹೋಗಿರಬೇಕು. ಹತ್ತು ಗಂಟೆಗೆ ಹೂವಿನ ಜೊತೆ ಕೆಸರು ಬಂದರೆ, ಬದಿಯಲ್ಲಿ ನಿಂತಿದ್ದ ಹೂವನ್ನೆಲ್ಲ ಜನ ಹೊರಟ ಮೇಲೆ, ಅರ್ಧ ಗಂಟೆ ಹಿಂದಷ್ಟೇ, ಇನ್ನೇನೋ ಇಳಿದು ಕಲಕಿದೆ ಎಂದು ಅರ್ಥ. ಒಂದನೇ ತರಗತಿಯ ಲೆಕ್ಕ. ಹೊಸ ಹುಡುಗಿಯರೇ, ಕೇಳಿ: ಹೂ ಕಂಡ ಕೂಡಲೇ ನನ್ನ ಕಣ್ಣು ಭಕ್ತಿಗೆ ಹೋಯಿತು, ಕೆಲಸ ಬಿಟ್ಟಿತು. ಮೂರನೇ ಸೋಮವಾರ ಹೆಸರು ಓದಿಸಿಕೊಳ್ಳಬಾರದು ಎಂಬ ಆಸೆಯೂ ಒಳಗಿತ್ತು. ಅಕ್ಕಮ್ಮಗಳ ಮೇಲೆ ಭಾರ ಹಾಕಿ ಅದನ್ನು ಮುಚ್ಚಿಕೊಂಡೆ.

ತಿರುವು ದಾಟಿದೆ. ಗುಡಿಯಿಂದ ಇತ್ತ ಬಂದು ಏರಿಯ ಮೇಲೇ ನಿಂತಿತ್ತು, ಒಂಟಿ ಗಂಡಾನೆ, ಕಾಲು ಒದ್ದೆ, ಸೊಂಡಿಲಲ್ಲಿ ಕಬ್ಬು. ಹತ್ತು ಸೈಕಲ್ ಉದ್ದದಷ್ಟು ದೂರ.

ಆಗ ಹೊಡೆದೆ ಮೂರು ಬೆಲ್. ತಿರುಗಿಸುವಾಗ ಹಿಂದಿನವಳೇ ಮುಂದಾಗಿ ಜನರನ್ನು ಕರೆದುಕೊಂಡು ಹೊರಡಬೇಕು. ರತ್ನ ಐದು ಜನರನ್ನು ತನ್ನ ಪಕ್ಕದಿಂದ ಮುಂದಕ್ಕೆ ದಾಟಿಸಿ ಕಳಿಸಿದಳು, ತಾನು ನಿಂತಳು. ಆ ವಯಸ್ಸಾದ ತಾಯಿಗೆ ಚಕ್ರ ಎತ್ತಲಾಗಲಿಲ್ಲ. ರತ್ನ ಓಡಿ ಬಂದು ಅವರ ಸೈಕಲನ್ನು ಎತ್ತಿ ತಿರುಗಿಸಿದಳು. ಅಷ್ಟರಲ್ಲಿ ಆನೆ ಕಬ್ಬು ಬಿಸಾಕಿ ನಾಲ್ಕು ಹೆಜ್ಜೆ ನುಗ್ಗಿತು. ನಾನು ಸೈಕಲ್ ತಿರುಗಿಸಿ ಕಿರುಚುತ್ತಾ ವಾಪಸ್ ತುಳಿದವಳು ಸೀದಾ ಹೋಗಿ ರತ್ನನಿಗೇ ಗುದ್ದಿದೆ. ಅವಳು ಕಾಲುವೆಯ ಕಾಂಕ್ರೀಟು ಇಳಿಜಾರಿನ ಮೇಲೆ ಬಿದ್ದಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಆನೆ ನಿಂತಿತು. ಕಿವಿ ಬಡಿದು, ತಿರುಗಿ, ಕಬ್ಬಿನ ಹತ್ತಿರ ಹೋಯಿತು. ಯಾರೂ ಸಾಯಲಿಲ್ಲ. ಬೆಟ್ಟದ ಸ್ವಾಮಿಗೆ ಅವತ್ತಿನಿಂದ ಪ್ರತಿ ಸೋಮವಾರ ದೀಪ ಹಚ್ಚುತ್ತಿದ್ದೇನೆ. ಆ ತಾಯಿಗೆ ಒಂದು ಗೀರೂ ಆಗಲಿಲ್ಲ, ಅದಕ್ಕೂ ದೀಪ. ರತ್ನ ನೀರಿಗೆ ಉರುಳಲಿಲ್ಲ, ಅದಕ್ಕೂ. ಸಿಕ್ಕ ಕರುಣೆಯನ್ನೆಲ್ಲ ಎಣಿಸಿ ಇಟ್ಟುಕೊಂಡಿದ್ದೇನೆ. ಅದನ್ನು ಎಣಿಸುತ್ತಾ ಕೂತರೆ ಮಾಡಿದ ತಪ್ಪು ಕಡಿಮೆಯಾಗುವುದಿಲ್ಲ ಎಂದು ತಿಳಿಯಲು ಮಾತ್ರ ಇಷ್ಟು ವರ್ಷ ಹಿಡಿಯಿತು.

ರತ್ನನ ತೊಡೆಯ ಮೂಳೆಗೆ ರಾಡು ಹಾಕಿದರು. ಮತ್ತೆ ಸೈಕಲ್ ತುಳಿಯಲಿಲ್ಲ.

ಮೂರನೇ ದಿನ ಸಾರ್ ನನ್ನನ್ನು ಕರೆದು ತಮಿಳಿನಲ್ಲಿ ಬರೆದ ಒಂದು ಹಾಳೆ ಮುಂದಿಟ್ಟರು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ತಮಿಳು ಮಾತು ನೀರು ಕುಡಿದಷ್ಟು ಸಲೀಸು, ಓದುವುದು ಬಸ್ಸಿನ ಬೋರ್ಡಿನಷ್ಟು.

"ಏನ್ ಬರ್ದಿದೀರ ಸಾರ್?"

"ನಡೆದಿದ್ದೇಮ್ಮಾ. ಕೈಯೆಳುತ್ತು ಹಾಕಿ."

ರುಜು ಹಾಕಿದೆ. ಆಸ್ಪತ್ರೆಗೆ ಹೋಗುವ ಅವಸರ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಆ ಹಾಳೆಯಲ್ಲಿ ನನ್ನ ತಪ್ಪು ಬರೆದಿರುತ್ತದೆ, ಅದನ್ನು ನೋಡುವುದು ಬೇಡ ಎಂದು ಹೆದರಿದ್ದೆ. ಹತ್ತು ದಿನದ ಮೇಲೆ ನಮ್ಮಲ್ಲೇ ತಮಿಳು ಓದಬಲ್ಲ ಇನ್ನೊಬ್ಬಳು ಓದಿ ಹೇಳಿದಾಗ ಗೊತ್ತಾಯಿತು. ಹಿಂದಿನ ಸೈಕಲ್ಲಿನವಳು ಎಚ್ಚರಿಕೆಯ ಬೆಲ್ ಹೊಡೆಯಲಿಲ್ಲ, ತಿರುಗಿಸುವಾಗ ತನ್ನ ಜಾಗ ಬಿಟ್ಟಳು, ಅವಳ ಅಜಾಗರೂಕತೆಯಿಂದ ಹೀಗಾಯಿತು ಎಂದಿತ್ತಂತೆ. ಕೆಳಗೆ ಸಾಕ್ಷಿಯಾಗಿ ನನ್ನ ರುಜು.

ಓಡಿದೆ ಕಚೇರಿಗೆ. "ಸಾರ್, ಅವ್ಳು ಬೆಲ್ ಹೊಡೆದ್ಲು. ನಾನೇ ನಿಲ್ಲಿಸ್ಲಿಲ್ಲ."

ಅವರು ಕುರ್ಚಿ ತೋರಿಸಿದರು, ಟೀ ತರಿಸಿದರು. "ಮುಂದಿನವಳಿಗೇ ದಾರಿ ನೋಡೋಕೆ ಬರಲ್ಲ ಅಂತ ಬರೆದ್ರೆ ಈ ದಾರೀನೇ ಮುಚ್ಚಿಬಿಡ್ತಾರೆ ಅಮ್ಮಾ. ಹದಿನಾರು ಹೆಂಗಸ್ರು ಮನೆಗೆ ಹೋಗ್ಬೇಕು. ಆ ರತ್ನಮ್ಮ ಹೇಗಿದ್ರೂ ಇನ್ನು ಬರೋಕಾಗಲ್ಲ. ಯೋಚನೆ ಮಾಡಿ."

ಟೀ ಕುಡಿದೆ. ಅದನ್ನು ಇಲ್ಲಿ ಬರೆಯಲೇಬೇಕು. ಆ ಟೀಯನ್ನು ನಾನು ಪೂರ್ತಿ ಕುಡಿದೆ.

ಮೊದಲ ವರ್ಷ ರತ್ನನ ಮನೆಗೆ ಹೋಗುತ್ತಿದ್ದೆ. ಕುಂಟುತ್ತಾ ಬಂದು ಬಾಗಿಲು ತೆಗೆಯುತ್ತಿದ್ದಳು. ಅವಳು ಆ ಹಾಳೆಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರಬರುತ್ತಾ ಹೋಗುವುದನ್ನೇ ಬಿಟ್ಟೆ. ಇತ್ತ ಸಾರ್ ಅದನ್ನೇ ಪಾಠ ಮಾಡಿಕೊಂಡರು. ವರ್ಷಕ್ಕೊಮ್ಮೆ ಹೊಸಬರ ಎದುರು, ಹಲಗೆಯ ಮೇಲೆ ಏರಿಯ ಚಿತ್ರ ಬರೆದು, ಕೊನೆಯ ಸೈಕಲ್ಲಿಗೆ ಕೆಂಪು ಸೀಮೆಸುಣ್ಣದಲ್ಲಿ ಸುತ್ತು ಹಾಕಿ, "ಈ ಹೆಂಗಸಿನ ಹಾಗೆ ಆಗ್ಬಾರ್ದು" ಅನ್ನುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಸೆರಗಿನ ಅಂಚು ಮಡಿಸುತ್ತಾ ಕೂರುತ್ತಿದ್ದೆ.

ಈ ವರ್ಷ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ನಿವೃತ್ತಿಯಾದೆ. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಿಗೆ ಸಮಿತಿಯ ನೀಲಿ ಅಂಗಿ ತೊಟ್ಟ ಹುಡುಗಿಯೊಬ್ಬಳು ಬಂದಳು. ರತ್ನನ ಮಗಳು ಸುಧಾ. ಕೆಲಸಕ್ಕೆ ಸೇರಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ. ಒಳಗೆ ಬಾ ಅಂದರೂ ಬರಲಿಲ್ಲ.

"ದೊಡ್ಡಮ್ಮಾ, ಇವತ್ತು ಕ್ಲಾಸಲ್ಲಿ ನಮ್ಮಮ್ಮನ್ನ ಬೋರ್ಡ್ ಮೇಲೆ ಬರೆದ್ರು. ನಾನು ಅವ್ರ ಮಗಳು ಅಂತ ಯಾರಿಗೂ ಗೊತ್ತಿಲ್ಲ. ಪಕ್ಕದೋಳು ನಗಾಡ್ತಿದ್ಲು. ನೀವು ಮುಂದಿದ್ರಂತಲ್ಲ. ಅಮ್ಮ ಬೆಲ್ ಹೊಡೆದ್ರೋ ಇಲ್ವೋ? ಅದೊಂದೇ ಹೇಳಿ, ಹೋಗ್ಬುಡ್ತೀನಿ."

"ಹೊಡೆದ್ಲು" ಅಂದೆ.

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಮರುದಿನ ಅದೇ ಮೊದಲ ಬಸ್ಸು ಹಿಡಿದು ಹೋದೆ. ತರಗತಿ ನಡೆಯುತ್ತಿತ್ತು. ನನ್ನನ್ನು ಕಂಡು ಸಾರ್, "ಬನ್ನಿ ಬನ್ನಿ, ನಮ್ಮ ಹಿರಿಯರು, ಎರಡು ಒಳ್ಳೆ ಮಾತು ಹೇಳಿ" ಅಂದರು. ಹಲಗೆಯ ಮೇಲೆ ನಿನ್ನೆಯ ಚಿತ್ರ ಹಾಗೇ ಇತ್ತು. ನಾನು ಹೋಗಿ ಕೊನೆಯ ಸೈಕಲ್ಲಿನ ಕೆಂಪು ಸುತ್ತನ್ನು ಸೆರಗಿನಿಂದ ಒರೆಸಿದೆ. ಸೀಮೆಸುಣ್ಣದ ಕಡ್ಡಿ ತಗೊಂಡು ಮೊದಲ ಸೈಕಲ್ಲಿಗೆ ಸುತ್ತು ಹಾಕಿದೆ.

"ಇದು ನಾನು. ಹಿಂದಿನವಳು ಬೆಲ್ ಹೊಡೆದ್ಲು, ಬಾಯಲ್ಲೂ ಕೂಗಿದ್ಲು. ನಾನು ಕೈ ಬೀಸಿ ಬಾ ಅಂದೆ. ಅವ್ಳಿಗೆ ಗುದ್ದಿ ಬೀಳಿಸಿದ್ದೂ ನಾನೇ, ಆನೆ ಅಲ್ಲ."

ಸಾರ್ ನಕ್ಕರು. "ಅಮ್ಮಂಗೆ ವಯಸ್ಸಾಯ್ತು. ಜೊತೆಗಾರ್ತಿ ಮೇಲೆ ಪ್ರೀತಿ."

"ವಯಸ್ಸಾಗಿರೋದು ನಿಜ ಸಾರ್. ಏಳು ವರ್ಷದಿಂದ ನಿಮ್ಮೆದುರು ಬಾಯಿ ಮುಚ್ಕೊಂಡಿದ್ದೆ, ಆಗ ನನ್ನ ಜ್ಞಾಪಕ ಸರಿಯಾಗಿತ್ತಾ?"

ಹುಡುಗಿಯೊಬ್ಬಳು ಕಿಸಕ್ಕೆಂದಳು. ಸಾರ್ ಮುಖ ಗಂಟಿಕ್ಕಿಕೊಂಡು, ಹಾಗಿದ್ದರೆ ಬರೆದುಕೊಡಿ ಅಂದರು. ಬರೆದೇ ತಂದಿದ್ದೆ. ನೋಡಿ ವಾಪಸ್ ತಳ್ಳಿದರು. "ಕನ್ನಡದಲ್ಲಿ ಇದೆ. ತಮಿಳಲ್ಲಿ ಕೊಟ್ರೆ ತಗೋತೀನಿ." ತಮಿಳು ಬರೆಯಲು ನನಗೆ ಬಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೇ ಸಾಲಿನಿಂದ ಸುಧಾ ಎದ್ದು ಬಂದಳು. "ಹೇಳಿ ದೊಡ್ಡಮ್ಮಾ, ನಾನು ಬರೀತೀನಿ." ಅವಳು ಯಾರ ಮಗಳೆಂದು ಆಗ ಎಲ್ಲರಿಗೂ ಗೊತ್ತಾಯಿತು, ನಾನೇ ಹೇಳಿದೆ. ಅವರ ಮೇಜಿನ ಮೇಲೇ, ಅವರ ಹಾಳೆಯಲ್ಲೇ, ನಾನು ಹೇಳುತ್ತಾ ಹೋದೆ, ಅವಳು ತಾಯಿಯ ಮೂಳೆ ಮುರಿದದ್ದನ್ನು ಒಂದಕ್ಷರ ಬಿಡದೆ ಬರೆದಳು. ಬರೆದು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡೆ. ಆಮೇಲೆ ರುಜು. ಸಾರ್ ತಗೊಂಡರು. ಹದಿನೆಂಟು ಹುಡುಗಿಯರು ನೋಡುತ್ತಿದ್ದಾಗ ತಗೊಳ್ಳದೆ ಏನು ಮಾಡುತ್ತಾರೆ? ಒಂದು ಪ್ರತಿಯನ್ನು ನಾನು ಇಟ್ಟುಕೊಂಡೆ.

ಅದನ್ನು ಹಿಡಿದು ಸಂಜೆ ಆಲಸನತ್ತಕ್ಕೆ ಹೋದೆ. ರತ್ನ ಬಾಗಿಲ ಬಳಿ ಕಾಲು ನೀಡಿಕೊಂಡು ಅಂಗಡಿಗೆ ಹೂ ಕಟ್ಟುತ್ತಿದ್ದಳು. ಕಾಲಿಗೆ ಬೀಳೋಣ ಎಂದು ಬಗ್ಗಿದೆ.

"ಏಯ್, ಎದ್ದೇಳಕ್ಕಾ. ನಾಟ್ಕ ಆಡ್ಬೇಡ. ಆ ಕಾಲು ನೋವು ನಂಗೆ" ಅಂದಳು. ಹಾಳೆ ಈಸಿಕೊಂಡಳು. ಅವಳು ತಮಿಳು ಓದಬಲ್ಲಳು. ನಿಧಾನವಾಗಿ, ಬೆರಳಿಟ್ಟು, ಕೊನೆಯವರೆಗೆ ಓದಿದಳು.

"ಏಳು ವರ್ಷ ಎಲ್ಲಿಟ್ಟಿದ್ಯಕ್ಕಾ ಬಾಯ್ನ?"

ನಾನು ಸೆರಗಿನ ಅಂಚು ಮಡಿಸಿದೆ.

"ಅದಿರ್ಲಿ. ಇದ್ರಲ್ಲಿ ಒಂದು ತಪ್ಪೈತೆ." ಹಾಳೆಯ ಮಧ್ಯೆ ಬೆರಳು ಊರಿದಳು. "ಮೂರು ಬೆಲ್ ಹೊಡೆದ್ಲು, ನಾನು ತಿರುಗಿ ನೋಡಿ ಬಾ ಅಂದೆ ಅಂತ ಬರ್ಸಿದೀಯ. ನಾನು ಹೊಡೆದಿದ್ದು ಎರಡು ಸಲ ಕಣಕ್ಕಾ, ಮೂರು ಮೂರು. ನೀನು ತಿರುಗಿದ್ದು ಎರಡನೇದಕ್ಕೆ. ಮೊದಲ್ನೇ ಸಲ ಹೊಡೆದಾಗ ನೀನು ಎದೆ ಮೇಲೆ ಕೈ ಇಟ್ಕೊಂಡು ಕೈ ಮುಗೀತಿದ್ದೆ. ಕೇಳ್ಲೇ ಇಲ್ಲ ನಿಂಗೆ."

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಒಂದು ಸಲದ ತಪ್ಪನ್ನೇ ಹೊತ್ತುಕೊಂಡು ತಿರುಗಿದ್ದೆ.

"ಬರೆಯೋದಾದ್ರೆ ಸರಿಯಾಗಿ ಬರಿ" ಅಂದು ಹಾಳೆಯನ್ನು ನನ್ನ ಕೈಗೆ ಕೊಟ್ಟು, ರತ್ನ ಮತ್ತೆ ಹೂವಿನ ಬುಟ್ಟಿಗೆ ಕೈ ಹಾಕಿದಳು. ಹೋಗು ಅನ್ನಲಿಲ್ಲ, ಕೂತುಕೋ ಅಂತಲೂ ಅನ್ನಲಿಲ್ಲ.

ನಾಳೆ ಒಂಬತ್ತಕ್ಕೆ ಕಚೇರಿ ತೆಗೆಯುತ್ತಾರೆ. ಇನ್ನೊಂದು ಹಾಳೆ ಬರೆಯಲು ಸುಧಾ ಬಾಗಿಲಲ್ಲೇ ನಿಂತಿರುತ್ತೇನೆ ಅಂದಿದ್ದಾಳೆ.